ಓದುಗರ ಗ್ಯಾರೇಜು: ಹಳೆ ಬೈಕಿನ ಮಾಸ್ಟರ್ ಸಿಲಿಂಡರ್

1999ರಲ್ಲಿ ಬಂದ ಸಿಬಿಝಡ್, 2001ರ ಪಲ್ಸರ್, 2003ರ ಕರಿಜ್ಮಾ. ಡಿಸ್ಕ್ ಬ್ರೇಕನ್ನು ನಮ್ಮ ಊರುಗಳಿಗೆ ಪರಿಚಯಿಸಿದ ಈ ಬೈಕುಗಳು ಇಪ್ಪತ್ತು ವರ್ಷ ದಾಟಿದರೂ ಓಡುತ್ತಿವೆ. ಎಂಜಿನ್ನಿಗೆ ಸಿಗುವ ಆರೈಕೆ ಮಾತ್ರ ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಗೆ ಸಿಗುತ್ತಿಲ್ಲ ಎಂಬುದು ಈ ತಿಂಗಳ ಪತ್ರಗಳನ್ನು ನೋಡಿದರೆ ಗೊತ್ತಾಗುತ್ತದೆ. ಲಿವರ್ ಹಿಡಿದಾಗ ಆ ಡಬ್ಬಿಯ ಆಯಿಲನ್ನು ಒತ್ತಿ ಕೆಳಗಿನ ಬ್ರೇಕಿಗೆ ಕಳಿಸುವ ಭಾಗವೇ ಮಾಸ್ಟರ್ ಸಿಲಿಂಡರ್. ಮುಂದಿನ ಬ್ರೇಕಿನ ಮಾಸ್ಟರ್ ಸಿಲಿಂಡರಿಗೆ ಸಂಬಂಧಿಸಿದ ಪ್ರಶ್ನೆಗಳನ್ನೆಲ್ಲ ಒಂದೇ ಕಡೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ (ಶಿವಮೊಗ್ಗ): ನನ್ನದು 2002ರ ಸಿಬಿಝಡ್. ಸಿಗ್ನಲ್ಲಿನಲ್ಲಿ ಮುಂದಿನ ಬ್ರೇಕ್ ಹಿಡಿದು ನಿಂತರೆ ಲಿವರ್ ಮೆಲ್ಲಗೆ ಗ್ರಿಪ್ಪಿನವರೆಗೂ ಹೋಗಿಬಿಡುತ್ತದೆ. ಬಿಟ್ಟು ಮತ್ತೆ ಹಿಡಿದರೆ ಸರಿಯಾಗಿರುತ್ತದೆ. ಎಲ್ಲೂ ಆಯಿಲ್ ಸೋರಿಲ್ಲ. ಎರಡು ಸಲ ಏರ್ ತೆಗೆಸಿದೆ, ಪ್ಯಾಡೂ ಬದಲಾಯಿತು. ಏನು ತೊಂದರೆ? ಮನೆಯಲ್ಲೇ ಸರಿ ಮಾಡಿಕೊಳ್ಳಬಹುದೇ?

ಉತ್ತರ: ಇದು ಏರ್ ಅಲ್ಲ, ಪ್ಯಾಡೂ ಅಲ್ಲ. ಏರ್ ಹಿಡಿದಿದ್ದರೆ ಲಿವರ್ ಮೊದಲಿನಿಂದಲೇ ಮೆತ್ತಗಿರುತ್ತದೆ. ನಾಲ್ಕು ಸಲ ಪಂಪ್ ಮಾಡಿದರೆ ಗಟ್ಟಿಯಾಗಿ, ಆಮೇಲೆ ಹಿಡಿದಲ್ಲೇ ನಿಲ್ಲುತ್ತದೆ. ಗಟ್ಟಿಯಾಗಿ ನಿಂತ ಲಿವರ್ ಕೈಯಲ್ಲಿರುವಾಗಲೇ ಜಾರುತ್ತಿದೆ ಅಂದರೆ ಒತ್ತಡ ಸೋರುತ್ತಿದೆ. ಹೊರಗೆ ಸೋರದಿದ್ದರೆ ಒಳಗೇ ಸೋರುತ್ತಿದೆ.

ಮಾಸ್ಟರ್ ಸಿಲಿಂಡರಿನ ಪಿಸ್ಟನ್ನಿಗೆ ಎರಡು ರಬ್ಬರ್ ಕಪ್. ಕೆಳಗಿನ ಬ್ರೇಕಿಗೆ ಆಯಿಲ್ ಒಯ್ಯುವ ಹೋಸ್ ಕಡೆಗಿರುವುದು ಪ್ರೈಮರಿ ಕಪ್, ಒತ್ತಡ ಕಟ್ಟುವುದು ಅದರ ಕೆಲಸ. ಲಿವರ್ ಕಡೆಗಿರುವುದು ಸೆಕೆಂಡರಿ ಕಪ್, ಆಯಿಲ್ ಹೊರಗೆ ಬರದಂತೆ ತಡೆಯುತ್ತದೆ. ಪ್ರೈಮರಿ ಕಪ್ಪಿನ ಅಂಚು ಸವೆದರೆ, ಅಥವಾ ಅದು ಉಜ್ಜುವ ಬೋರಿನಲ್ಲಿ (ಪಿಸ್ಟನ್ ಓಡಾಡುವ ಕೊಳವೆಯಲ್ಲಿ) ಗುಳಿ ಬಿದ್ದರೆ, ಆಯಿಲ್ ಕಪ್ಪನ್ನು ದಾಟಿ ಹಿಂದಕ್ಕೆ ಬಂದು ಡಬ್ಬಿಗೇ ಸೇರಿಕೊಳ್ಳುತ್ತದೆ. ಹಾಗಾಗಿ ಹನಿ ಆಯಿಲೂ ಕೆಳಗೆ ಬೀಳುವುದಿಲ್ಲ, ಡಬ್ಬಿಯ ಮಟ್ಟವೂ ಇಳಿಯುವುದಿಲ್ಲ. ಸೆಕೆಂಡರಿ ಕಪ್ ಹೋಗಿದ್ದರೆ ಲಿವರ್ ಬುಡದ ರಬ್ಬರ್ ಬೂಟನ್ನು ಉಗುರಿನಲ್ಲಿ ಎತ್ತಿ ನೋಡಿ: ಒಳಗೆ ಒದ್ದೆ ಇರುತ್ತದೆ, ಸುತ್ತಲಿನ ಪೇಂಟ್ ಉಬ್ಬಿರುತ್ತದೆ. ನಿಮ್ಮದು ಮೊದಲನೆಯ ಜಾತಿ. ಸರಿ ಮಾಡುವವರೆಗೆ ದಯವಿಟ್ಟು ಬೈಕ್ ಓಡಿಸಬೇಡಿ. ಮೆಲ್ಲಗೆ ಜಾರುವ ಲಿವರ್ ಒಂದು ದಿನ ಮೊದಲ ಹಿಡಿತಕ್ಕೇ ಗ್ರಿಪ್ ಮುಟ್ಟುತ್ತದೆ.

ಮನೆಯಲ್ಲಿ ಖಂಡಿತ ಮಾಡಬಹುದು. ಕಿಟ್ ತರುವ ಮೊದಲು ಸಿಲಿಂಡರಿನ ಮೈಮೇಲೆ ಉಬ್ಬಿಸಿ ಎರಕ ಹೊಯ್ದಿರುವ ಅಳತೆಯನ್ನು ಓದಿಕೊಳ್ಳಿ. 1/2 ಎಂದಿದ್ದರೆ ಬೋರ್ 12.7 ಮಿಲಿಮೀಟರ್, 11 ಅಥವಾ 14 ಎಂದಿದ್ದರೆ ಅದು ನೇರವಾಗಿ ಮಿಲಿಮೀಟರಿನಲ್ಲೇ. ಹಳೆ ಬೈಕಿನಲ್ಲಿ ಹಿಂದಿನ ಮಾಲೀಕರು ಬೇರೆ ಮಾಡೆಲ್ಲಿನ ಮಾಸ್ಟರ್ ಹಾಕಿಸಿರುವುದು ಸಾಮಾನ್ಯ. ಬರೀ ಬೈಕಿನ ಹೆಸರು ಹೇಳಿ ತಂದ ಕಿಟ್ ಕೂರದೇ ಹೋಗುವುದು ಇದರಿಂದಲೇ. ಕಿಟ್‌ನಲ್ಲಿ ಪಿಸ್ಟನ್, ಎರಡು ಕಪ್, ಸ್ಪ್ರಿಂಗ್, ಸರ್ಕ್ಲಿಪ್ (ಪಿಸ್ಟನ್ ಹೊರಬರದಂತೆ ತಡೆಯುವ ಉಕ್ಕಿನ ಉಂಗುರ) ಮತ್ತು ಬೂಟ್ ಇರಬೇಕು. ಬರೀ ಎರಡು ರಬ್ಬರ್ ಕೊಟ್ಟರೆ ಬೇಡ ಅನ್ನಿ. ಇದರ ಜೊತೆಗೆ ಹೋಸನ್ನು ಸಿಲಿಂಡರಿಗೆ ಬಿಗಿಯುವ ಬ್ಯಾಂಜೋ ಬೋಲ್ಟಿಗೆ ಎರಡು ಹೊಸ ತಾಮ್ರದ ವಾಶರ್, ಸೀಲ್ ಒಡೆಯದ ಬ್ರೇಕ್ ಆಯಿಲ್, ಮೂತಿ ಸಣಕಲಾದ ಉದ್ದನೆಯ ಒಳ ಸರ್ಕ್ಲಿಪ್ ಪ್ಲಯರ್, 8, 10 ಮತ್ತು 12ರ ಸ್ಪ್ಯಾನರ್, ಸೂಜಿ ಇಲ್ಲದ ದೊಡ್ಡ ಸಿರಿಂಜ್, ಒಂದಡಿ ಪಾರದರ್ಶಕ ಪೈಪ್ ಇಟ್ಟುಕೊಳ್ಳಿ. ಸಾದಾ ಸರ್ಕ್ಲಿಪ್ ಪ್ಲಯರ್ ಆ ಆಳಕ್ಕೆ ಇಳಿಯುವುದಿಲ್ಲ. ಪ್ಲಯರ್ ಒಂದಕ್ಕೆ ದುಡ್ಡು ಉಳಿಸಲು ಹೋಗಬೇಡಿ.

ಟ್ಯಾಂಕಿನ ಮೇಲೆ ದಪ್ಪ ಬಟ್ಟೆ ಹೊದಿಸಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ. ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆ. ಬಿದ್ದ ತಕ್ಷಣ ಒರೆಸುವುದಕ್ಕಿಂತ ನೀರು ಸುರಿಯುವುದು ಒಳ್ಳೆಯದು, ಅದು ನೀರಿನಲ್ಲಿ ಕರಗಿ ಹೋಗುತ್ತದೆ. ಡಬ್ಬಿಯ ಮುಚ್ಚಳದ ಎರಡು ಸ್ಕ್ರೂಗಳು ತಲೆ ತಿನ್ನಲು ಹೆಸರುವಾಸಿ. ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಟ್ಟು, ಹಿಂಬದಿಗೆ ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟು, ಆಮೇಲೆ ಭಾರ ಹಾಕಿ ತಿರುಗಿಸಿ. ಸಿರಿಂಜಿನಿಂದ ಆಯಿಲ್ ಎಳೆದು ತೆಗೆಯಿರಿ. ಲಿವರ್, ಬ್ರೇಕ್ ಲೈಟ್ ಸ್ವಿಚ್ಚಿನ ವೈರ್, ಬ್ಯಾಂಜೋ ಬೋಲ್ಟ್, ಕೊನೆಗೆ ಹ್ಯಾಂಡಲ್ ಕ್ಲ್ಯಾಂಪಿನ ಎರಡು ಬೋಲ್ಟ್. ಹೋಸಿನ ತುದಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಮೇಲ್ಮುಖವಾಗಿ ನಿಲ್ಲಿಸಿ.

ಬೂಟ್ ತೆಗೆದಾಗ ಸುಣ್ಣದಂಥ ಬಿಳಿ ಪುಡಿ ಕಂಡರೆ ಅದು ಅಲ್ಯೂಮಿನಿಯಂ ತುಕ್ಕು. ಸರ್ಕ್ಲಿಪ್ಪನ್ನು ಕಚ್ಚಿ ಹಿಡಿದಿರುವುದೂ ಅದೇ. ಹಳೆ ಟೂತ್ ಬ್ರಶ್ಶಿಗೆ ಬ್ರೇಕ್ ಆಯಿಲ್ ಹಾಕಿ ಆ ಪುಡಿಯನ್ನು ಪೂರ್ತಿ ತೆಗೆದ ಮೇಲಷ್ಟೇ ಪ್ಲಯರ್ ಹಾಕಿ. ಒಂದು ಕಡ್ಡಿಯಿಂದ ಪಿಸ್ಟನ್ನನ್ನು ತುಸು ಒಳಕ್ಕೆ ಒತ್ತಿ ಹಿಡಿದರೆ ಸರ್ಕ್ಲಿಪ್ ಮೇಲಿನ ಒತ್ತಡ ಇಳಿದು ಸಲೀಸಾಗಿ ಬರುತ್ತದೆ. ಸ್ಪ್ರಿಂಗ್ ಪಿಸ್ಟನ್ನನ್ನು ಹೊರಕ್ಕೆ ಹಾರಿಸುವುದರಿಂದ ಹೆಬ್ಬೆರಳು ಅಡ್ಡ ಇರಲಿ. ಪಿಸ್ಟನ್ ಕಚ್ಚಿಕೊಂಡಿದ್ದರೆ ಇಕ್ಕಳ ಹಾಕಿ ಎಳೆಯಬೇಡಿ. ಬಾಯಿಯನ್ನು ಬಟ್ಟೆ ತುಂಬಿದ ಡಬ್ಬಿಯೊಳಗೆ ತಿರುಗಿಸಿ, ಬ್ಯಾಂಜೋ ತೂತಿನಿಂದ ಸ್ವಲ್ಪವೇ ಗಾಳಿ ಕೊಡಿ. ಬಂದ ಭಾಗಗಳನ್ನು ಬಂದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಸಾಲಾಗಿಟ್ಟು ಫೋಟೊ ತೆಗೆದುಕೊಳ್ಳಿ.

ತೊಳೆಯಲು ಹೊಸ ಬ್ರೇಕ್ ಆಯಿಲ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್, ಅಷ್ಟೇ. ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಹತ್ತಿರಕ್ಕೂ ಬರಬಾರದು. ಈ ಕಪ್ಪುಗಳು ಇಪಿಡಿಎಂ ಎಂಬ ರಬ್ಬರಿನವು. ಬ್ರೇಕ್ ಆಯಿಲಿನಲ್ಲಿ ವರ್ಷಗಟ್ಟಲೆ ಇದ್ದರೂ ಇವಕ್ಕೆ ಏನೂ ಆಗುವುದಿಲ್ಲ, ಪೆಟ್ರೋಲಿಯಂ ಸೋಕಿದರೆ ಮಾತ್ರ ಊದಿಕೊಳ್ಳುತ್ತವೆ. ಗ್ಯಾರೇಜಿನಲ್ಲಿ ಪೆಟ್ರೋಲ್ ತಟ್ಟೆಯಲ್ಲಿ ತೊಳೆದು ಜೋಡಿಸಿದ ಹೊಸ ಕಿಟ್ ಕೆಲವೇ ದಿನಗಳಲ್ಲಿ ಕಚ್ಚಿಕೊಳ್ಳುವುದಕ್ಕೆ ಕಾರಣ ಇದು. ಗ್ರೀಸ್ ಮಾತೂ ಹಾಗೆಯೇ. ಬೂಟಿನ ಒಳಗೆ, ಪಿಸ್ಟನ್ ತುದಿಗೆ ಹಚ್ಚುವುದಾದರೆ ಸಿಲಿಕೋನ್ ಗ್ರೀಸ್ ಅಥವಾ ಬ್ರೇಕಿಗೆಂದೇ ಬರುವ ಕೆಂಪು ರಬ್ಬರ್ ಗ್ರೀಸ್ ಬಳಸಿ.

ಈಗ ಡಬ್ಬಿಯ ತಳ ನೋಡಿ. ಸಣ್ಣ ತಗಡಿನ ಮುಚ್ಚಿಗೆ ಇದ್ದರೆ ಎತ್ತಿ ತೆಗೆಯಿರಿ. ಕೆಳಗೆ ಎರಡು ತೂತು. ಒಂದು ಕಣ್ಣಿಗೆ ಕಾಣುತ್ತದೆ. ಅದರ ಪಕ್ಕದಲ್ಲಿ, ಹೋಸ್ ಕಡೆಗೆ, ಸೂಜಿಮೊನೆಯಷ್ಟಿರುವ ಇನ್ನೊಂದು. ಇದು ಕಾಂಪೆನ್ಸೇಟಿಂಗ್ ತೂತು. ಹಳೆ ಆಯಿಲಿನ ಕಂದು ಲೋಳೆ ಕಟ್ಟಿದ್ದರೆ ಅಲ್ಲಿ ತೂತಿದೆಯೆಂದೇ ಗೊತ್ತಾಗುವುದಿಲ್ಲ. ಪಂಪ್ ಸ್ಟೌ ಪಿನ್ನು ಅಥವಾ ಮನೆಯ ವೈರಿಂಗಿನ ತಂತಿಯಿಂದ ಬಿಡಿಸಿದ ಒಂದೇ ಎಳೆ ಸಾಕು. ತೂತನ್ನು ದೊಡ್ಡದು ಮಾಡದೆ, ಬರೀ ಕೊಳೆ ದಾಟಿಸಿ. ಬೆಳಕಿಗೆ ಹಿಡಿದು ಬೋರಿನೊಳಗಿಂದ ನೋಡಿದಾಗ ಆ ತೂತು ಚುಕ್ಕಿಯಂತೆ ಹೊಳೆಯಬೇಕು. ಇಡೀ ಕೆಲಸದಲ್ಲಿ ಹೆಚ್ಚು ಮಂದಿ ಮರೆಯುವುದು ಇದನ್ನೇ.

ಜೋಡಿಸುವಾಗ ಕಪ್ಪುಗಳನ್ನು ಹೊಸ ಆಯಿಲಿನಲ್ಲಿ ಅದ್ದಿ, ಬೋರಿಗೂ ಸವರಿ. ಎರಡೂ ಕಪ್ಪಿನ ಬಾಯಿ ಹೋಸ್ ಕಡೆಗೆ. ಸ್ಪ್ರಿಂಗ್ ಒಂದು ತುದಿಯಲ್ಲಿ ಸಣ್ಣಗಾಗಿದ್ದರೆ ಸಣ್ಣ ತುದಿ ಪಿಸ್ಟನ್ ಕಡೆಗೆ. ಕಪ್ಪಿನ ಅಂಚು ಬೋರಿನ ಬಾಯಲ್ಲಿ ಮಡಚಿಕೊಳ್ಳದಂತೆ ತುಸು ತಿರುಚುತ್ತಾ ಒಳಗೆ ಬಿಡಿ. ಅಂಚು ಹಿಂದಕ್ಕೆ ಮಗುಚಿದರೆ ಕಪ್ ಹಾಳು. ಸರ್ಕ್ಲಿಪ್ಪಿನ ಚೂಪು ಅಂಚಿನ ಮುಖ ಹೊರಗೆ ಬರಬೇಕು. ಕೂರಿಸಿದ ಮೇಲೆ ಪ್ಲಯರಿನಿಂದ ಅದನ್ನು ಅದು ಕೂರುವ ತೋಡಿನಲ್ಲೇ ಸುತ್ತ ತಿರುಗಿಸಿ ನೋಡಿ. ತಿರುಗಿದರೆ ಸರಿಯಾಗಿ ಕೂತಿದೆ. ಕ್ಲ್ಯಾಂಪಿನ ಮೇಲೆ "ಅಪ್" ಎಂದು ಬರೆದ ಕಡೆ ಮೇಲೆ ಬರಲಿ, ಮೊದಲು ಮೇಲಿನ ಬೋಲ್ಟ್ ಪೂರ್ತಿ ಬಿಗಿ ಮಾಡಿ, ಆಮೇಲೆ ಕೆಳಗಿನದು. ಬ್ಯಾಂಜೋ ಕಣ್ಣಿನ ಎರಡೂ ಬದಿಗೆ ಒಂದೊಂದು ಹೊಸ ವಾಶರ್. ಬಿಗಿ ಸುಮಾರು 30 ನ್ಯೂಟನ್ ಮೀಟರ್, ನಿಮ್ಮ ಮಾಡೆಲ್ಲಿನ ಮ್ಯಾನ್ಯುಯಲ್ ಸಿಕ್ಕರೆ ಅದರ ಅಳತೆಯೇ ಅಂತಿಮ.

ಪ್ರಶ್ನೆ (ಉಡುಪಿ): ಕಿಟ್ ಹಾಕಿಸಿ ಮೂರು ತಿಂಗಳಾಗಿಲ್ಲ, ಲಿವರ್ ಮತ್ತೆ ಇಳಿಯುತ್ತಿದೆ. ಕಿಟ್ ಡೂಪ್ಲಿಕೇಟ್ ಇರಬಹುದೇ? ಬೋರನ್ನು ಪಾಲಿಷ್ ಮಾಡಿಸಿದರೆ ಸರಿಹೋದೀತೇ?

ಉತ್ತರ: ಕಿಟ್ಟಿನ ಮೇಲೆ ಅನುಮಾನ ಪಡುವ ಮೊದಲು ಬೋರ್ ನೋಡಬೇಕು. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಬ್ರೇಕ್ ಆಯಿಲ್ ತೇವ ಹೀರುತ್ತದೆ. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಬೈಕಿನಲ್ಲಿ ಪಿಸ್ಟನ್ ಒಂದೇ ಜಾಗದಲ್ಲಿ ಕೂತಿರುತ್ತದೆ, ಕಪ್ಪಿನ ಆಸುಪಾಸಿನಲ್ಲೇ ಲೋಹವನ್ನು ಕೊರೆಯುತ್ತದೆ. ಬೋರನ್ನು ಆಲ್ಕೋಹಾಲಿನಲ್ಲಿ ಒರೆಸಿ, ಟಾರ್ಚ್ ಬಿಟ್ಟು, ಒಂದು ಮರದ ಹಲ್ಲುಕಡ್ಡಿಯ ತುದಿಯನ್ನು ಗೋಡೆಗೆ ತಾಗಿಸಿ ಎಳೆಯಿರಿ. ಕಪ್ಪು ಕಲೆಯಿದ್ದೂ ಕಡ್ಡಿ ನುಣ್ಣಗೆ ಜಾರಿದರೆ ಅದು ಬರೀ ಕಲೆ, ಚಿಂತೆಯಿಲ್ಲ. ಕಡ್ಡಿ ತಡೆದು ನಿಂತರೆ ಅದು ಗುಳಿ.

ಗುಳಿ ಎಲ್ಲಿದೆ ಎಂಬುದರ ಮೇಲೆ ತೀರ್ಮಾನ. ಬೋರಿನ ಬಾಯಲ್ಲಿ, ಸರ್ಕ್ಲಿಪ್ ಕೂರುವ ತೋಡಿನ ಹತ್ತಿರ, ಕಪ್ ಓಡಾಡದ ಜಾಗದಲ್ಲಿದ್ದರೆ ನಡೆಯುತ್ತದೆ. ಕಪ್ ಓಡಾಡುವ ಉದ್ದದಲ್ಲಿ ಒಂದೇ ಒಂದು ಗುಳಿ ಇದ್ದರೂ ಹೊಸ ಕಪ್ಪಿನ ಅಂಚನ್ನು ಅದು ಕೆರೆದು ಹಾಕುತ್ತದೆ. ನಿಮ್ಮಲ್ಲಿ ಮೂರು ತಿಂಗಳಲ್ಲಿ ಆಗಿರುವುದು ಬಹುಶಃ ಇದೇ.

ಪಾಲಿಷ್ ಬಗ್ಗೆ: 2000 ನಂಬರಿನ ವಾಟರ್ ಪೇಪರನ್ನು (ಅತಿ ನುಣುಪಿನ ಉಜ್ಜುಕಾಗದ) ಬ್ರೇಕ್ ಆಯಿಲಿನಲ್ಲಿ ನೆನೆಸಿ, ಉದ್ದಕ್ಕೆ ಎಳೆಯದೆ ಸುತ್ತ ತಿರುಗಿಸಿ, ಅಂಟಿದ ಕೊಳೆಯನ್ನಷ್ಟೇ ತೆಗೆಯಬಹುದು. ಅದಕ್ಕಿಂತ ಮುಂದೆ ಹೋಗಬೇಡಿ. ಹಲವು ಬೋರುಗಳಿಗೆ ಆನೊಡೈಸಿಂಗ್ ಮಾಡಿದ ಗಟ್ಟಿ ತೆಳುಪದರ ಇರುತ್ತದೆ, ಅದು ಹೋದರೆ ಅಡಿಯಲ್ಲಿ ಮೆತ್ತನೆ ಅಲ್ಯೂಮಿನಿಯಂ. ಕಲ್ಲು ಹಾಕಿ ಹೋನಿಂಗ್ ಮಾಡಿಸಿದರೆ ಪದರವೂ ಹೋಗುತ್ತದೆ, ಅಳತೆಯೂ ಹೋಗುತ್ತದೆ. ಅಳತೆಯಲ್ಲಿ ಇಲ್ಲಿ ಎಷ್ಟು ಕಡಿಮೆ ಸಲುಗೆ ಇದೆ ನೋಡಿ: ಹೋಂಡಾ ಮ್ಯಾನ್ಯುಯಲ್ಲುಗಳಲ್ಲಿ 12.7ರ ಬೋರು ಹೊಸತರಲ್ಲಿ 12.700ರಿಂದ 12.743 ಮಿಲಿಮೀಟರ್, 12.755 ದಾಟಿದರೆ ತೆಗೆದುಹಾಕಬೇಕು. ಪಿಸ್ಟನ್ 12.657ರಿಂದ 12.684, 12.645ಕ್ಕಿಂತ ಇಳಿದರೆ ಅದೂ ಮುಗಿಯಿತು. ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕ ಇದು, ಕೈ ಅಂದಾಜಿಗೆ ಸಿಗುವಂಥದ್ದಲ್ಲ.

ನಿಮ್ಮ ಬೈಕಿಗೆ ಹೊಸ ಮಾಸ್ಟರ್ ಸಿಲಿಂಡರ್ ಪೂರ್ತಿ ಸೆಟ್ ಸಿಗುವುದಾದರೆ ಅದನ್ನೇ ಹಾಕಿ. ಬೋರಿಗೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಲೀವ್ (ಒಳಕೊಳವೆ) ಹಾಕಿಸುವುದು ಹೊಸದು ಸಿಗದ ಹಳೆ ಜಪಾನಿ ಬೈಕುಗಳಿಗೆ ಒಳ್ಳೆಯ ದಾರಿ. ಆದರೆ ಸ್ಲೀವ್ ಕೂರಿಸಿದ ಮೇಲೆ ಆ ಎರಡು ತೂತುಗಳನ್ನು ಮತ್ತೆ ಅದೇ ಜಾಗಕ್ಕೆ ಕೊರೆದು, ಒಳಗಿನ ಅಂಚಿನ ಮುಳ್ಳುಗಳನ್ನು ನುಣುಪು ಮಾಡಬೇಕು. ಬ್ರೇಕ್ ಕೆಲಸ ಗೊತ್ತಿಲ್ಲದ ಲೇತ್ ಅಂಗಡಿಗೆ ಇದನ್ನು ಕೊಡಬೇಡಿ.

ಪ್ರಶ್ನೆ (ಹುಬ್ಬಳ್ಳಿ): ಮನೆಯಿಂದ ಹೊರಟಾಗ ಬೈಕ್ ಆರಾಮಾಗಿ ಓಡುತ್ತದೆ. ಐದಾರು ಕಿಲೋಮೀಟರ್ ಆದ ಮೇಲೆ ಲಿವರ್ ಕಲ್ಲಿನಂತೆ ಗಟ್ಟಿಯಾಗಿ ಮುಂದಿನ ಗಾಲಿ ಹಿಡಿಯುತ್ತದೆ. ಅರ್ಧ ಗಂಟೆ ನಿಲ್ಲಿಸಿದರೆ ಬಿಡುತ್ತದೆ. ಡಿಸ್ಕಿಗೆ ಪ್ಯಾಡ್ ಒತ್ತುವ ಕ್ಯಾಲಿಪರನ್ನು ಎರಡು ಸಲ ಬಿಚ್ಚಿಸಿ ತೊಳೆಸಿದ್ದೇನೆ.

ಉತ್ತರ: ತಣಿದ ಮೇಲೆ ತಾನಾಗಿ ಬಿಡುತ್ತದೆ ಎಂದಿದ್ದೀರಲ್ಲ, ಅದರಲ್ಲೇ ಸುಳಿವಿದೆ. ಬ್ರೇಕ್ ಬಳಸಿದಾಗ ಆಯಿಲ್ ಬಿಸಿಯಾಗಿ ಹಿಗ್ಗುತ್ತದೆ. ಲಿವರ್ ಬಿಟ್ಟಾಗ ಹಿಗ್ಗಿದ ಆಯಿಲ್ ಡಬ್ಬಿಗೆ ವಾಪಸು ಹೋಗುವುದು ಮೇಲೆ ಹೇಳಿದ ಸೂಜಿಮೊನೆಯಷ್ಟು ತೂತಿನ ಮೂಲಕ. ಅದು ಕಟ್ಟಿದ್ದರೆ ಆಯಿಲಿಗೆ ದಾರಿಯಿಲ್ಲ, ಕ್ಯಾಲಿಪರಿನ ಪಿಸ್ಟನ್ನನ್ನೇ ತಳ್ಳುತ್ತದೆ. ಪ್ಯಾಡ್ ಉಜ್ಜಿ ಇನ್ನಷ್ಟು ಬಿಸಿ, ಇನ್ನಷ್ಟು ಹಿಗ್ಗು.

ಹೀಗೆ ಪರೀಕ್ಷಿಸಿ. ಗಾಲಿ ಹಿಡಿದಿರುವಾಗಲೇ ಕ್ಯಾಲಿಪರಿನ ಬ್ಲೀಡಿಂಗ್ ನಿಪ್ಪಲ್ಲನ್ನು (ಏರ್ ತೆಗೆಯುವ ಮೂತಿ) 8ರ ಸ್ಪ್ಯಾನರಿನಿಂದ ಕಾಲು ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಗಾಲಿ ಬಿಡದಿದ್ದರೆ ಕ್ಯಾಲಿಪರ್ ಪಿಸ್ಟನ್ ಅಥವಾ ಸ್ಲೈಡ್ ಪಿನ್ ಕಚ್ಚಿದೆ. ಬಿಟ್ಟರೆ ತೊಂದರೆ ಮೇಲಿದೆ. ಮುಂದಿನ ಸಲ ಗಾಲಿ ಹಿಡಿದಾಗ ಮೇಲಿನ ಬ್ಯಾಂಜೋ ಬೋಲ್ಟ್ ಸಡಿಲಿಸಿ ನೋಡಿ. ಅಲ್ಲಿ ಸಡಿಲಿಸಿದಾಗ ಗಾಲಿ ಬಿಟ್ಟರೆ ಮಾಸ್ಟರ್. ಅಲ್ಲಿ ಬಿಡದೆ ಕೆಳಗಿನ ನಿಪ್ಪಲ್ಲಿಗೆ ಮಾತ್ರ ಬಿಟ್ಟರೆ ಹೋಸ್ ಒಳಗೊಳಗೇ ಊದಿ ಮುಚ್ಚಿಕೊಂಡಿದೆ. ಪರೀಕ್ಷೆಯಾದ ಮೇಲೆ ಬಿಗಿ ಮಾಡಿ, ಏರ್ ತೆಗೆದು, ಚೆಲ್ಲಿದ್ದಕ್ಕೆ ನೀರು ಹಾಕಿ.

ಇನ್ನೊಂದು ಕಾರಣವನ್ನು ತುಂಬಾ ಮಂದಿ ಗಮನಿಸುವುದಿಲ್ಲ. ಬೈಕ್ ಬಿದ್ದು ಲಿವರ್ ಮುರಿದಾಗ ಸಿಕ್ಕ ಲಿವರ್ ಹಾಕಿಸಿರುತ್ತಾರೆ. ಪಿಸ್ಟನ್ನನ್ನು ಒತ್ತುವ ಅದರ ಮೂಗು ಒಂದು ಮಿಲಿಮೀಟರ್ ಉದ್ದವಿದ್ದರೂ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಪ್ರೈಮರಿ ಕಪ್ ಆ ತೂತಿನ ಮೇಲೇ ನಿಂತುಬಿಡುತ್ತದೆ. ತೂತು ಶುದ್ಧವಾಗಿದ್ದರೂ ಮುಚ್ಚಿದಂತೆಯೇ. ಲಿವರ್ ತುದಿಯಲ್ಲಿ ಆಡಿಸಿದರೆ ಪಿಸ್ಟನ್ ತಾಗುವ ಮೊದಲು ಸ್ವಲ್ಪ ಖಾಲಿ ಆಟ ಸಿಗಲೇಬೇಕು. ಇಲ್ಲದಿದ್ದರೆ ಲಿವರ್ ಬದಲಿಸಿ.

ತೂತು ತೆರೆದಿದೆಯೇ ಎಂದು ಬಿಚ್ಚದೆ ತಿಳಿಯಲು: ಮುಚ್ಚಳ ಮತ್ತು ಅದರಡಿಯ ರಬ್ಬರ್ ಡಯಾಫ್ರಮ್ ತೆಗೆದು, ಮುಖ ದೂರ ಇಟ್ಟುಕೊಂಡು, ಲಿವರನ್ನು ಬೆರಳ ತುದಿಯಲ್ಲಿ ಚೂರೇ ಚೂರು ಎಳೆಯಿರಿ. ಆಯಿಲಿನ ಮೇಲ್ಮೈಯಲ್ಲಿ ಸಣ್ಣ ಬುಗ್ಗೆ ಎದ್ದರೆ ತೂತು ತೆರೆದಿದೆ. ಜೋರಾಗಿ ಎಳೆದರೆ ಆಯಿಲ್ ಕಣ್ಣಿಗೆ ಹಾರುತ್ತದೆ.

ಪ್ರಶ್ನೆ (ಮೈಸೂರು): ಮಾಸ್ಟರ್ ಕಿಟ್ ಹಾಕಿ ಜೋಡಿಸಿದೆ. ನೂರು ಸಲ ಪಂಪ್ ಮಾಡಿದರೂ ಲಿವರಿಗೆ ಹಿಡಿತವೇ ಬರುತ್ತಿಲ್ಲ. ಕಪ್ ತಿರುಗುಮುರುಗಾಗಿದೆಯೇ?

ಉತ್ತರ: ಆಗಿರಲೂಬಹುದು, ಆದರೆ ಮತ್ತೆ ಬಿಚ್ಚುವ ಆತುರ ಬೇಡ. ಒಣಗಿದ ಮಾಸ್ಟರಿನಲ್ಲಿ ಬರೀ ಗಾಳಿ ಇರುತ್ತದೆ. ಗಾಳಿ ಹಿಂಡಿ ಹಿಗ್ಗುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಮೊದಲು ಬ್ಯಾಂಜೋ ಬಳಿಯೇ ಏರ್ ತೆಗೆಯಿರಿ: ಸುತ್ತ ಬಟ್ಟೆ ಕಟ್ಟಿ, ಲಿವರ್ ಒತ್ತಿ ಹಿಡಿದು, ಬ್ಯಾಂಜೋ ಬೋಲ್ಟನ್ನು ಕಾಲು ಸುತ್ತು ಸಡಿಲಿಸಿ, ಬಿಗಿ ಮಾಡಿ, ಆಮೇಲೆ ಲಿವರ್ ಬಿಡಿ. ಗುಳ್ಳೆ ನಿಂತು ಬರೀ ಆಯಿಲ್ ಬರುವವರೆಗೆ ಹೀಗೇ.

ಅದಕ್ಕೂ ಸುಲಭದ ದಾರಿ ಕೆಳಗಿಂದ ತುಂಬುವುದು. ಸಿರಿಂಜಿಗೆ 50 ಎಂಎಲ್ ಹೊಸ ಆಯಿಲ್ ತುಂಬಿ, ಪೈಪಿನೊಳಗಿನ ಗಾಳಿ ಕಳೆದು, ಕ್ಯಾಲಿಪರ್ ನಿಪ್ಪಲ್ಲಿಗೆ ಹಾಕಿ, ನಿಪ್ಪಲ್ ಸಡಿಲಿಸಿ ಮೆಲ್ಲಗೆ ತಳ್ಳಿ. ಗಾಳಿಯ ಸ್ವಭಾವವೇ ಮೇಲಕ್ಕೆ ಹೋಗುವುದು, ನೀವು ಅದೇ ದಿಕ್ಕಿಗೆ ತಳ್ಳುತ್ತೀರಿ. ಮೇಲೆ ಡಬ್ಬಿ ಉಕ್ಕದಂತೆ ಇನ್ನೊಬ್ಬರು ನೋಡುತ್ತಿರಲಿ. ಕ್ಯಾಲಿಪರ್ ಕೊಳಕಾಗಿದ್ದರೆ ಮಾತ್ರ ಹೀಗೆ ಮಾಡಬೇಡಿ, ಕೆಳಗಿನ ಕೊಳೆ ಮೇಲಿನ ತೂತಿಗೆ ಬಂದು ಕೂರುತ್ತದೆ.

ಕೊನೆಯ ಗುಳ್ಳೆ ಬ್ಯಾಂಜೋ ತಿರುವಿನಲ್ಲಿ ಅಡಗುತ್ತದೆ. ಬೈಕನ್ನು ಸೈಡ್ ಸ್ಟ್ಯಾಂಡ್ ಹಾಕಿ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿ. ಬಲ ತುದಿ ಮೇಲೇಳುವುದರಿಂದ ಆ ಗುಳ್ಳೆಗೆ ಡಬ್ಬಿಯತ್ತ ಏರು ದಾರಿ ಸಿಗುತ್ತದೆ. ಹೋಸನ್ನು ಬೆರಳಿನಿಂದ ತಟ್ಟುತ್ತಾ ಲಿವರನ್ನು ಸಣ್ಣದಾಗಿ ಆಡಿಸಿ. ಇಷ್ಟಾದರೂ ಹಿಡಿತ ಬರದಿದ್ದರೆ ಆಗ ಕಪ್ಪಿನ ದಿಕ್ಕು ನೋಡಲು ಬಿಚ್ಚಿ. ಹೊರಬಂದ ಆಯಿಲನ್ನು ಮತ್ತೆ ಡಬ್ಬಿಗೆ ಹಾಕಬೇಡಿ.

ಪ್ರಶ್ನೆ (ತೀರ್ಥಹಳ್ಳಿ): ಆಗುಂಬೆ ಘಾಟಿ ಇಳಿದು ಮುಗಿಸುವ ಹೊತ್ತಿಗೆ ಮುಂದಿನ ಲಿವರ್ ಮೆತ್ತಗಾಗಿ ಗ್ರಿಪ್ಪಿಗೆ ತಾಗುತ್ತದೆ. ಕೆಳಗೆ ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಸರಿ. ಡಾಟ್ 5 ದರ್ಜೆಯ ಬ್ರೇಕ್ ಆಯಿಲ್ ಹಾಕಬಹುದೇ?

ಉತ್ತರ: ಹದಿನಾಲ್ಕು ತಿರುವು ಇಳಿಯುವಾಗ ಬ್ರೇಕನ್ನೇ ನೆಚ್ಚಿಕೊಂಡಿದ್ದೀರಿ, ಆಯಿಲಿನೊಳಗಿನ ನೀರು ಕುದಿಯುತ್ತಿದೆ. ಕುದಿದ ಆವಿ ಗಾಳಿಯಂತೆಯೇ ಹಿಂಡಿಹೋಗುತ್ತದೆ, ತಣಿದರೆ ಮತ್ತೆ ದ್ರವ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ, ನೀರು ಹೀರಿದ ಮೇಲೆ ಅದು 155. ಡಾಟ್ 3ಕ್ಕೆ ಈ ಅಂಕಿಗಳು 205 ಮತ್ತು 140. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಮಲೆನಾಡಿನ ಮಳೆಗೆ ಅದಕ್ಕೂ ಮೊದಲೇ ಬದಲಿಸಿದರೆ ಒಳ್ಳೆಯದು. ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನೇ ತಡೆಯಲಿ, ಹಿಂದಿನ ಬ್ರೇಕೂ ಪಾಲು ಹೊರಲಿ.

ಡಾಟ್ 5 ಬೇಡ. ಅದು ಸಿಲಿಕೋನ್, ಉಳಿದವುಗಳ ಜೊತೆ ಬೆರೆಯುವುದಿಲ್ಲ. ಡಾಟ್ 5.1 ಬೇರೆ, ಅದು ಡಾಟ್ 4ರ ಜಾತಿಯದೇ. ಮುಚ್ಚಳದ ಮೇಲೆ ಏನು ಬರೆದಿದೆಯೋ ಅದನ್ನೇ ಹಾಕಿ. ಅರ್ಧ ಉಳಿದ ಬಾಟಲಿಯನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ. ಇನ್ನು ಡಬ್ಬಿಯ ಮಟ್ಟ ಇಳಿದಾಗ ಕಣ್ಣುಮುಚ್ಚಿ ತುಂಬಿಸುವ ಅಭ್ಯಾಸವಿದ್ದರೆ ಬಿಡಿ. ಪ್ಯಾಡ್ ಸವೆದಂತೆ ಮಟ್ಟ ಇಳಿಯುವುದು ಸಹಜ, ಮೊದಲು ಪ್ಯಾಡ್ ನೋಡಿ.

ಪ್ರಶ್ನೆ (ಬಳ್ಳಾರಿ): ರಾಜದೂತ್ 350ಗೆ ಮುಂದೆ ಡಿಸ್ಕ್ ಹಾಕಿಸುತ್ತಿದ್ದೇನೆ. ಗುಜರಿಯಲ್ಲಿ 14ರ ಮಾಸ್ಟರ್ ಸಿಕ್ಕಿದೆ. ದೊಡ್ಡದಿದ್ದಷ್ಟೂ ಬ್ರೇಕ್ ಜೋರಲ್ಲವೇ?

ಉತ್ತರ: ತಿರುಗುಮುರುಗು. ಅದೇ ಕೈಬಲಕ್ಕೆ ಬೋರ್ ದೊಡ್ಡದಾದಷ್ಟೂ ಒತ್ತಡ ಕಡಿಮೆ. 12.7ರ ಬೋರಿನ ಅಡ್ಡಳತೆಯ ವಿಸ್ತೀರ್ಣ ಸುಮಾರು 127 ಚದರ ಮಿಲಿಮೀಟರ್, 14ರದ್ದು 154. ಅಂದರೆ ಒತ್ತಡ ಶೇಕಡಾ 18ರಷ್ಟು ಇಳಿಯಿತು. ಲಿವರ್ ಗಟ್ಟಿಯಾಗಿ ಕೈಗೆ ಹಿತವೆನಿಸುತ್ತದೆ, ಬೈಕ್ ಮಾತ್ರ ನಿಲ್ಲುವುದಿಲ್ಲ. 11ರದ್ದು ಹಾಕಿದರೆ 12.7ಕ್ಕಿಂತ ಮೂರನೇ ಒಂದರಷ್ಟು ಒತ್ತಡ ಹೆಚ್ಚು, ಲಿವರ್ ಓಟವೂ ಅಷ್ಟೇ ಹೆಚ್ಚು. ಕ್ಯಾಲಿಪರ್ ಯಾವ ಬೈಕಿನದೋ ಮಾಸ್ಟರೂ ಅದೇ ಬೈಕಿನದು ಇರಲಿ.

ನಿಮ್ಮ ರಾಜದೂತಿನ ಮೂಲವಾದ ಜಪಾನಿನ ಯಮಹಾ ಆರ್‌ಡಿ 350ಗೆ ಡಿಸ್ಕ್ ಇತ್ತು, ನಮ್ಮಲ್ಲಿ ತಯಾರಾದದ್ದಕ್ಕೆ ಡ್ರಮ್ ಕೊಟ್ಟರು. ಆದ್ದರಿಂದ ನಿಮ್ಮ ಆಸೆ ಅರ್ಥವಾಗುತ್ತದೆ. ಆದರೂ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಮಾರ್ಪಾಡುಗಳ ಬಗ್ಗೆಯೇ ಇದೆ, ಕೆಲಸ ಶುರು ಮಾಡುವ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. ಗುಜರಿ ಮಾಸ್ಟರಿಗೆ ಬ್ಯಾಂಜೋ ಬೋಲ್ಟ್ ಹಾಕುವಾಗಲೂ ಜಾಗ್ರತೆ: 10 ಮಿಲಿಮೀಟರ್ ಬೋಲ್ಟಿನಲ್ಲೇ ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ 1.25 ಮಿಲಿಮೀಟರ್ ಇರುವುದೂ ಉಂಟು, 1.0 ಇರುವುದೂ ಉಂಟು. ಮೊದಲ ಮೂರು ಸುತ್ತು ಬರಿಗೈಯಲ್ಲಿ ಸಲೀಸಾಗಿ ಹೋಗದಿದ್ದರೆ ಸ್ಪ್ಯಾನರ್ ಹಾಕಬೇಡಿ, ಬೋಲ್ಟ್ ಬೇರೆಯದು.